ಸೇನೆಯಿಂದ ನಿವೃತ್ತರಾದವರು ಕಾನೂನು ಪದವಿಗೆ ಸೇರುವ ಬಗೆ

ಹದಿನೈದು, ಹದಿನೇಳು ವರ್ಷ ಸೇವೆ ಮುಗಿಸಿ ನಲವತ್ತರ ಆಸುಪಾಸಿನಲ್ಲಿ ಊರಿಗೆ ಮರಳುವ ಸೈನಿಕರು ಕಾನೂನು ಓದಲು ಬಯಸಿದರೆ, ನಿವೃತ್ತಿಗೆ ಎರಡು-ಮೂರು ವರ್ಷ ಮೊದಲೇ ತಮ್ಮ ಅಂಕಪಟ್ಟಿಗಳನ್ನು ಹರಡಿಕೊಂಡು ಕೂರುವುದು ಒಳ್ಳೆಯದು. ಹದಿನೈದು ವರ್ಷದ ಸೇವೆಗಾಗಿ ಸೇನೆ ಕೊಡುವ ಪದವಿ ಸಮಾನತೆಯ ಪ್ರಮಾಣಪತ್ರ ಗ್ರೂಪ್ ಸಿ ಹುದ್ದೆಗಳಿಗೆ ನೆರವಾಗುತ್ತದೆಯೇ ಹೊರತು, ಅದನ್ನು ತೋರಿಸಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಲು ಆಗುವುದಿಲ್ಲ. ಈ ವಿಷಯ ಎಷ್ಟೋ ಜನರಿಗೆ ಕಾಲೇಜಿನ ಬಾಗಿಲಲ್ಲಿ ನಿಂತಾಗಲೇ ತಿಳಿಯುತ್ತದೆ ಎಂಬುದು ನೋವಿನ ಸಂಗತಿ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯದ ಪದವಿ ಇರಬೇಕು; ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40 ಅಂಕಗಳು ಬೇಕು. ದೂರಶಿಕ್ಷಣದ ಬಿಎ ಆಗುತ್ತದೆ, ಆದರೆ ಪಿಯುಸಿಯನ್ನಾಗಲಿ ಅದಕ್ಕೆ ಸಮಾನವಾದ ಪರೀಕ್ಷೆಯನ್ನಾಗಲಿ ಮುಗಿಸದೆ, ಮುಕ್ತ ವಿಶ್ವವಿದ್ಯಾಲಯಕ್ಕೆ ನೇರವಾಗಿ ಸೇರಿ ಪಡೆದ ಪದವಿಯನ್ನು ನಿಯಮ ಒಪ್ಪುವುದಿಲ್ಲ. ಆದ್ದರಿಂದ ಹತ್ತನೇ ತರಗತಿ ಮುಗಿಸಿ ಭರ್ತಿಯಾದವರು ಸೇವೆಯಲ್ಲಿರುವಾಗಲೇ ಮೊದಲು ಪಿಯುಸಿ, ಬಳಿಕ ಬಿಎ ಎಂಬ ಕ್ರಮದಲ್ಲಿ ಹೋಗಬೇಕು. ಪಿಯುಸಿ ಮಾತ್ರ ಆಗಿದ್ದು ನಿವೃತ್ತಿ ಹತ್ತಿರವಾಗಿದ್ದರೆ ಐದು ವರ್ಷದ ಕೋರ್ಸ್ ಉಳಿಯುತ್ತದೆ.

ಎಲ್‌ಎಲ್‌ಬಿಯನ್ನು ಅಂಚೆಯಲ್ಲಿ ಓದಲಾಗದು. ಪ್ರತಿ ವಿಷಯದಲ್ಲೂ ಶೇಕಡಾ 70 ಹಾಜರಾತಿ ಬೇಕಾಗಿರುವುದರಿಂದ, ನಿವೃತ್ತಿಯ ಮರುವಾರವೇ ಬ್ಯಾಂಕಿನ ಕಾವಲು ಕೆಲಸ ಹಿಡಿಯುವ ಯೋಚನೆಯಿದ್ದವರು ಆರು ಸೆಮಿಸ್ಟರ್‌ಗಳ ಕಾಲ ಮನೆ ಪಿಂಚಣಿಯಲ್ಲಿ ನಡೆಯುತ್ತದೆಯೇ ಎಂದು ಮನೆಯವರೊಂದಿಗೆ ಕೂತು ಲೆಕ್ಕ ಹಾಕಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಮೂರು ವರ್ಷದ ಪದವಿ ನಡೆಸುತ್ತದೆ, ಅದಕ್ಕೆ ಪ್ರವೇಶ ಪರೀಕ್ಷೆಯಿದೆ. ಸಂಸಾರವಂದಿಗರಿಗೆ ನನ್ನ ಸಲಹೆಯೆಂದರೆ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ, ಮನೆಯಿಂದ ದಿನವೂ ಹೋಗಿಬರಬಹುದಾದ ಕಾಲೇಜು. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು; ಆದರೂ ಮೇಲಿನ ನ್ಯಾಯಾಲಯಗಳ ತೀರ್ಪುಗಳು ಇಂಗ್ಲಿಷಿನಲ್ಲಿರುವುದರಿಂದ ಮೊದಲ ಸೆಮಿಸ್ಟರಿನಿಂದಲೇ ದಿನಕ್ಕೊಂದು ತೀರ್ಪಿನ ಕೆಲವು ಪುಟಗಳನ್ನಾದರೂ ಓದುವ ರೂಢಿ ಇಟ್ಟುಕೊಳ್ಳಬೇಕು. ಆದೇಶವನ್ನು ಪ್ರಶ್ನಿಸದೆ ಪಾಲಿಸಿದವರಿಗೆ, ಒಂದೇ ಕಲಮಿಗೆ ಎರಡು ಅರ್ಥ ಹೇಳಿ ಎರಡನ್ನೂ ವಾದಿಸುವುದು ಆರಂಭದಲ್ಲಿ ಕಷ್ಟವೆನಿಸುವುದು ಸಹಜ. ಅಣಕು ನ್ಯಾಯಾಲಯದಲ್ಲಿ ತಪ್ಪದೆ ನಿಂತು ಮಾತಾಡುವುದರಿಂದ ಆ ಬಿಗಿ ಸಡಿಲವಾಗುತ್ತದೆ.

ಪದವಿಯ ಬಳಿಕ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಸಾಮಾನ್ಯ ವರ್ಗದವರಿಂದ ನೋಂದಣಿಗೆ 750 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪಿಂಚಣಿ ಸಂಬಳವಲ್ಲವಾದ್ದರಿಂದ ಅದು ವಕೀಲಿಗೆ ಅಡ್ಡಿಯಾಗದು; ಪೂರ್ಣಾವಧಿಯ ನೌಕರಿ ಅಡ್ಡಿಯಾಗುತ್ತದೆ. ಅಂಗವೈಕಲ್ಯ ಪಿಂಚಣಿಯಂಥ ವ್ಯಾಜ್ಯಗಳು 2007ರ ಕಾಯ್ದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುತ್ತವೆ. ವೈದ್ಯಕೀಯ ಮಂಡಳಿಯ ವರದಿಯನ್ನೂ ಸೇವಾ ದಾಖಲೆಯನ್ನೂ ಓದಬಲ್ಲ ಕಿರಿಯರು ಇಂಥ ಮೊಕದ್ದಮೆ ನಡೆಸುವ ಹಿರಿಯ ವಕೀಲರಿಗೆ ಬೇಕಾಗುತ್ತಾರೆ. ಕೊನೆಯ ವರ್ಷದಲ್ಲಿಯೇ ಅಂಥವರೊಬ್ಬರ ಕಚೇರಿಗೆ ಹೋಗಿ, ತರಬೇತಿಗೆ ಸೇರಿಸಿಕೊಳ್ಳುವಂತೆ ಕೇಳಿಕೊಳ್ಳಿ.