ಗ್ರೀನ್‌ಲ್ಯಾಂಡ್ ಕಯಾಕ್‌ನ ಡೆಕ್ ಚೌಕಟ್ಟು: ನಾನು ಕಟ್ಟುವ ಬಗೆ

ಗ್ರೀನ್‌ಲ್ಯಾಂಡ್ ಕಯಾಕ್ ಅಂದರೆ ಮರದ ಚೌಕಟ್ಟಿಗೆ ಚರ್ಮ ಹೊದಿಸುವ, ಒಬ್ಬರು ಕೂರುವ ಕಿರುದೋಣಿ. ಅದಕ್ಕೆ ಬಲ ಬರುವುದು ಮೇಲಿನ (ಡೆಕ್) ಚೌಕಟ್ಟಿನಿಂದ, ತಳದಿಂದಲ್ಲ. ಎರಡು ಪಕ್ಕದ ಹಲಗೆ, ನಡುವೆ ಅಡ್ಡಪಟ್ಟಿಗಳು. ಇವು ಸೊಟ್ಟಗಾದರೆ ಮುಂದೆ ಎಷ್ಟು ನಾಜೂಕಾಗಿ ಪಕ್ಕೆಲುಬುಗಳನ್ನು (ತಳದ ಬಾಗಿದ ಪಟ್ಟಿಗಳನ್ನು) ಬಗ್ಗಿಸಿದರೂ ದೋಣಿ ಒಂದೇ ಕಡೆಗೆ ತಿರುಗುತ್ತಿರುತ್ತದೆ.

ಅಳತೆ ಮೈಯಿಂದಲೇ ತೆಗೆಯುವುದು. ಉದ್ದ ಮೂರು ಮಾರು, ಅಗಲ ಸೊಂಟದಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು. ನನ್ನ ಲೆಕ್ಕಕ್ಕೆ ಅದು 5.2 ಮೀಟರ್, 51 ಸೆಂ.ಮೀ. ಪಕ್ಕದ ಹಲಗೆಗಳು 20 ಮಿ.ಮೀ. ದಪ್ಪ, 65 ಮಿ.ಮೀ. ಅಗಲ, ಗಂಟಿಲ್ಲದ, ಎಳೆ ನೇರವಾಗಿರುವ ಮರ. ಎರಡನ್ನೂ ಒಂದೇ ದಿಮ್ಮಿಯಿಂದ ಅಕ್ಕಪಕ್ಕದಲ್ಲೇ ಸೀಳಿಸುತ್ತೇನೆ, ಇಲ್ಲವಾದರೆ ಎರಡೂ ಒಂದೇ ಸಮ ಬಾಗುವುದಿಲ್ಲ.

ಎರಡನ್ನೂ ಜೋಡಿಸಿ ಕ್ಲ್ಯಾಂಪ್ ಹಾಕಿ, ನಡುಗೆರೆಯಿಂದ ಎರಡೂ ತುದಿಗೆ ಗುರುತು ಹಾಕಿಕೊಳ್ಳಬೇಕು. ಅಡ್ಡಪಟ್ಟಿಯ ತೂತು 10 ಮಿ.ಮೀ. ಎತ್ತರ, 40 ಮಿ.ಮೀ. ಉದ್ದ, ಮೇಲಂಚಿನಿಂದ 18 ಮಿ.ಮೀ. ಕೆಳಗೆ. ಪಕ್ಕೆಲುಬಿನ ತೂತು ಕೆಳಅಂಚಿನಿಂದ 15 ಮಿ.ಮೀ. ಆಳ. ನಡುವೆ 20 ಮಿ.ಮೀ.ಗಿಂತ ಹೆಚ್ಚು ಮರ ಉಳಿಯುತ್ತದೆ, ಅದೇ ಜೀವಾಳ.

ಬಾಗಿಸುವಾಗ ಹಲಗೆಗಳ ನಡುವೆ ಅಗಲ ಹಿಡಿದಿಡುವ ಅಚ್ಚು ಇಟ್ಟು, ತುದಿಗಳನ್ನು ಹಗ್ಗ ತಿರುಚಿ ಎಳೆಯುತ್ತೇನೆ. ಹಲಗೆಗಳು ಮೇಲಕ್ಕೆ ಅಗಲವಾಗುವಂತೆ 15 ಡಿಗ್ರಿ ವಾಲಿರಬೇಕು. ಈ ವಾಲಿಕೆಯಿಂದಲೇ ತುದಿಗಳು ತಾವಾಗಿ ಮೇಲೇಳುತ್ತವೆ. ವಾಲಿಕೆ ಹೆಚ್ಚಿದಷ್ಟೂ ಏರಿಕೆ ಹೆಚ್ಚು. ಮೂತಿಗಳು, ಅಂದರೆ ಹಲಗೆಗಳ ತುದಿಗಳು, ಕೂಡುವಲ್ಲಿ ಕೋನ ಲೆಕ್ಕಹಾಕುತ್ತ ಕೂರಬೇಡಿ. ಸಂದಿಯಲ್ಲಿ ಸಣ್ಣ ಹಲ್ಲಿನ ಗರಗಸ ಎರಡು ಮೂರು ಸಲ ಓಡಿಸಿ ಬಿಗಿದರೆ ಮುಖಗಳು ಅಂಟಿಕೊಳ್ಳುತ್ತವೆ.

ಈಗ ಉದ್ದಕ್ಕೂ ನಡುವೆ ದಾರ ಕಟ್ಟಿ. ಮೂತಿಯಿಂದ ಎಡ, ಬಲ ಗುರುತುಗಳಿಗೆ ಓರೆ ಅಳತೆ ಒಂದೇ ಇರಬೇಕು. ಹಲಗೆಗಳ ಮೇಲೆ ಮುಂದೊಂದು ಹಿಂದೊಂದು ನೇರ ಕಡ್ಡಿ ಅಡ್ಡ ಇಟ್ಟು, ಬಗ್ಗಿ ಒಂದು ಕಣ್ಣಲ್ಲಿ ನೋಡಿ. ತಿರುಚಿದ್ದರೆ ಕಡ್ಡಿಗಳು ಕತ್ತರಿಯಾಗುತ್ತವೆ. ಮೊಳೆ ಬಿದ್ದ ಮೇಲೆ ಇದನ್ನು ಸರಿಪಡಿಸಲು ಆಗುವುದಿಲ್ಲ.

ಅಡ್ಡಪಟ್ಟಿಯನ್ನು ಟೇಪ್ ಹಿಡಿದು ಕತ್ತರಿಸುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಹಲಗೆಗಳ ಮೇಲೆ ಇಟ್ಟು, ದಾರಕ್ಕೆ ಲಂಬವಾಗಿ ನಿಲ್ಲಿಸಿ, ಒಳಮೈಯ ಗೆರೆಯನ್ನು ಕೆಳಗಿನಿಂದಲೇ ಎಳೆದುಕೊಳ್ಳುತ್ತೇನೆ. ತೂತಿಗೆ ಸೇರುವ ತೆಳು ತುದಿ ನಾಲಿಗೆ, ಅದರ ಬುಡದ ಮೆಟ್ಟಿಲು ಹೆಗಲು. ಹೆಗಲನ್ನು ಒಂದು ಮಿ.ಮೀ. ಉದ್ದ ಬಿಟ್ಟು ಕೊಯ್ದು, ಆ ಹೆಚ್ಚುವರಿಯನ್ನು ಉಳಿಯಿಂದ ತೆಗೆಯುವುದು. ಪಟ್ಟಿ ಗಿಡ್ಡವಾದರೆ ಅಲ್ಲಿ ಹಲಗೆ ಒಳಸೇರುತ್ತದೆ, ಉದ್ದವಾದರೆ ಉಬ್ಬುತ್ತದೆ; ಹೊದಿಕೆ ಬಿಗಿದಾಗ ಎರಡೂ ಕಣ್ಣಿಗೆ ಹೊಡೆಯುತ್ತವೆ.

ಹಲಗೆ ಹೆಚ್ಚಾಗಿ ಸೀಳುವುದು ಒಂದೇ ತಪ್ಪಿನಿಂದ. ನಾಲಿಗೆ ತೂತಿನ ಉದ್ದಕ್ಕೆ ಬಿಗಿಯಾಗಿ ಕೂರಬಹುದು, ಎತ್ತರಕ್ಕೆ ಮಾತ್ರ ಬೆರಳಲ್ಲಿ ನೂಕಿದರೆ ಸರಿಯಬೇಕು. ದಪ್ಪವಾದ ನಾಲಿಗೆಯನ್ನು ಸುತ್ತಿಗೆಯಿಂದ ಹೊಡೆದರೆ ಅದು ಬೆಣೆಯಂತೆ ಎಳೆಯುದ್ದಕ್ಕೂ ಬಿರುಕು ಬಿಡಿಸುತ್ತದೆ.

ತೊಡೆಯ ಮೇಲೆ ಬರುವ ಕಮಾನು ಪಟ್ಟಿಗೆ ಅಲ್ಲಿಯವರು ಮಾಸಿಕ್ ಎನ್ನುತ್ತಾರೆ. ಕೂತವನು ತೊಡೆ ಒತ್ತಿ ದೋಣಿಯನ್ನು ಹಿಡಿಯುವುದು ಇದರಿಂದಲೇ. ಅಗಲ ಹಲಗೆಯಿಂದ ಕಮಾನು ಕೊಯ್ದರೆ ಎಳೆ ತುಂಡಾಗಿ ಹೆಗಲಲ್ಲೇ ಮುರಿಯುತ್ತದೆ. ತಾನಾಗಿ ಬಾಗಿದ ಕೊಂಬೆ ಸಿಕ್ಕರೆ ಸರಿ, ಇಲ್ಲವಾದರೆ 5 ಮಿ.ಮೀ. ಪಟ್ಟಿಗಳನ್ನು ಅಂಟಿಸಿ ಬಾಗಿಸುತ್ತೇನೆ.

ಕೊನೆಗೆ ಮೇಲಂಚಿನಿಂದ ನಾಲಿಗೆಯ ಮೂಲಕ 6 ಮಿ.ಮೀ. ಮರದ ಮೊಳೆ. ಕೂಡಿಕೆಗಳಿಗೆ ಅಂಟು ಹಾಕುವುದಿಲ್ಲ. ಅಲೆಯ ಮೇಲೆ ಚೌಕಟ್ಟು ಸ್ವಲ್ಪ ಆಡಬೇಕು. ಮೂತಿಗಳಿಗೆ ಮೇಣ ಸವರಿದ ನೈಲಾನ್ ದಾರ ಸುತ್ತಿ ಬಿಗಿದು, ಆಮೇಲಷ್ಟೇ ಅಚ್ಚು ತೆಗೆಯುತ್ತೇನೆ.