ಕೊರಿಯನ್ ಓದು: ಎಲ್ಲಿಂದ ಶುರು ಮಾಡಬೇಕು?

ಕೊರಿಯನ್ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಇಂಗ್ಲಿಷ್ ಅಕ್ಷರದಲ್ಲಿ ಕೊರಿಯನ್ ಬರೆದಿರುವ ಪುಸ್ತಕ ಕೊಳ್ಳಬೇಡಿ. ಲಿಪಿಯನ್ನೇ ಕಲಿಯಿರಿ. 1446ರಲ್ಲಿ ಕೊರಿಯಾದ ಸೆಜೋಂಗ್ ದೊರೆ ಹೊರತಂದ ಹಂಗುಲ್ ಲಿಪಿಯಲ್ಲಿ ಈಗ ಇರುವ ಮೂಲ ಅಕ್ಷರಗಳು 14 ವ್ಯಂಜನ, 10 ಸ್ವರ, ಅಷ್ಟೇ. ಕಾಗುಣಿತ, ಒತ್ತಕ್ಷರ ಬರೆದು ಬೆಳೆದವರಿಗೆ ಅಕ್ಷರಕ್ಕೆ ಅಕ್ಷರ ಜೋಡಿಸುವುದು ಹೊಸದೇನಲ್ಲ.

ಪಾಠಕ್ಕೆ ಕಿಂಗ್ ಸೆಜೋಂಗ್ ಇನ್‌ಸ್ಟಿಟ್ಯೂಟ್‌ನ ಉಚಿತ ಆನ್‌ಲೈನ್ ಕೋರ್ಸ್ ಸಾಕು. ವ್ಯಾಕರಣ ಬಿಡಿಸಿ ಹೇಳಬೇಕು ಅಂದರೆ ‘ಹೌ ಟು ಸ್ಟಡಿ ಕೊರಿಯನ್’ ಸೈಟ್ ಇದೆ. ಎರಡರಲ್ಲಿ ಒಂದನ್ನು ಹಿಡಿಯಿರಿ. ಸುಮ್ನೆ ಹತ್ತು ಆ್ಯಪ್ ಹಾಕಿಕೊಂಡರೆ ಹತ್ತರಲ್ಲೂ ಮೊದಲ ಪಾಠವೇ ಆಗುತ್ತದೆ.

ಓದುವವರಿಗೆ ನಿಜವಾದ ಆಸರೆ ನಿಘಂಟು. ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆ ಕಲಿಯುವವರಿಗಾಗಿಯೇ ಮಾಡಿರುವ ಕೊರಿಯನ್–ಇಂಗ್ಲಿಷ್ ನಿಘಂಟು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಉಚ್ಚಾರಣೆ ಕೇಳಬಹುದು, ಉದಾಹರಣೆಗಳೂ ಧಾರಾಳ. ಪದದ ಪಕ್ಕದ ನಕ್ಷತ್ರ ನೋಡಿ: ಮೂರಿದ್ದರೆ ಆರಂಭದ ಹಂತದ ಪದ, ಅದನ್ನು ಬಿಡಬೇಡಿ. ಒಂದಿದ್ದರೆ ಮೇಲಿನ ಹಂತದ್ದು, ಸದ್ಯಕ್ಕೆ ಮುಂದೆ ಹೋಗಿ.

ಹುಡುಕುವ ಬಗೆ ಮಾತ್ರ ಗೊತ್ತಿರಬೇಕು. ‘ಹಕ್ಕ್ಯೊಎ ಕಾಸ್ಸೊಯೊ’ ಅಂದರೆ ‘ಶಾಲೆಗೆ ಹೋದೆ’. ನಮ್ಮ ‘-ಗೆ’ ಥರ ಅವರ ‘-ಎ’ ಹೆಸರಿಗೆ ಅಂಟಿಕೊಂಡಿದೆ, ಕ್ರಿಯಾಪದ ಕೊನೆಯಲ್ಲಿದೆ, ‘ನಾನು’ ಬಿಟ್ಟರೂ ನಡೆಯುತ್ತದೆ. ಕನ್ನಡದ ಜಾಡೇ ಅಲ್ವಾ! ಆದರೆ ನಿಘಂಟಿನಲ್ಲಿ ಇರುವುದು ‘ಹಕ್ಕ್ಯೊ’ ಮತ್ತು ‘ಕಾದಾ’. ಅಂಟಿದ್ದನ್ನು ಬಿಡಿಸಿ, ಧಾತುವಿಗೆ ‘ದಾ’ ಸೇರಿಸಿ ಹುಡುಕಿ. ಇದು ಕೈಗೆ ಹತ್ತಿದರೆ ಓದು ತಾನಾಗಿ ಓಡುತ್ತದೆ.

ಆಮೇಲೆ ಏನು ಓದುವುದು? ಕೊರಿಯನ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಪಿಕ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು. ಪರೀಕ್ಷೆ ಬರೆಯದಿದ್ದರೂ ಪರವಾಗಿಲ್ಲ. ಆರಂಭದ ಹಂತದವರಿಗಿರುವ ಟೋಪಿಕ್ 1ರ ಓದುವ ಭಾಗದಲ್ಲಿ 40 ಪ್ರಶ್ನೆ. ಒಂದೆರಡು ಸಾಲಿನಿಂದ ಶುರುವಾಗಿ ಜಾಹೀರಾತು, ಮೆಸೇಜ್, ಚಿಕ್ಕ ಪ್ಯಾರಾ ಅಂತ ಮೆಲ್ಲಗೆ ಕಷ್ಟ ಏರುತ್ತದೆ. ಅಧಿಕೃತ ಸೈಟ್‌ನಲ್ಲೇ ಉತ್ತರಗಳ ಸಮೇತ ಸಿಗುತ್ತವೆ.

ಬೇಸರ ಬಂದಾಗ ಕೊರಿಯನ್ ಚಿತ್ರಕಥೆಗಳ ಸೈಟ್ ನೇವರ್ ವೆಬ್‌ಟೂನ್ ತೆರೆಯಿರಿ. ದಿನನಿತ್ಯದ ಬದುಕಿನ ಕಥೆ ಆರಿಸಿ, ರಾಜರ ಕಾಲದ್ದು ಬೇಡ. ಮಾತೆಲ್ಲ ಚಿತ್ರದೊಳಗೆ ಇರುವುದರಿಂದ ಕಾಪಿ ಮಾಡಲು ಬರುವುದಿಲ್ಲ. ಅದಕ್ಕೇ ಫೋನಿನಲ್ಲಿ ಕೊರಿಯನ್ ಕೀಬೋರ್ಡ್ ಇವತ್ತೇ ಹಾಕಿಕೊಳ್ಳಿ. ಪದವನ್ನು ನೀವೇ ಟೈಪ್ ಮಾಡಿ ಹುಡುಕಿದರೆ ಅದರ ಕಾಗುಣಿತವೂ ನೆನಪಲ್ಲಿ ಉಳಿಯುತ್ತದೆ.