ಪೋಡಿನ ಸಭೆಯಲ್ಲಿ ರೂಪುಗೊಂಡ ಪ್ರಶ್ನಾವಳಿ

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ವಾಸಿಸುವ ಸೋಲಿಗ ಕುಟುಂಬಗಳ ಕ್ಷೇಮವನ್ನು ಕುರಿತ ಅಧ್ಯಯನದಲ್ಲಿ, ಏನನ್ನು ಕೇಳಬೇಕು, ಯಾರು ಕೇಳಬೇಕು ಎಂಬುದನ್ನು ಗ್ರಾಮಸಭೆಯೇ ತೀರ್ಮಾನಿಸಿದ ಮೇಲೆ ನಾವು ಕೆಲಸ ಆರಂಭಿಸಿದೆವು. ಈ ಸಭೆಗಳಿಗೆ ಅಂತಹ ಕೆಲಸ ಹೊಸದಲ್ಲ. ಪ್ರತಿ ಕುಲದ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ಹಿರಿಯರು ತಾವೇ ನಡೆದು ತೋರಿಸಿ ನಕ್ಷೆಗೆ ತಂದಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕುಗಳು ದೊರೆತಿದ್ದವು.

ಆರೋಗ್ಯದ ಬಗ್ಗೆ ಮಾತು ತೆಗೆದರೆ ಹಿರಿಯರು ಕಾಡಿನ ಬಗ್ಗೆ ಹೇಳತೊಡಗುತ್ತಿದ್ದರು. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಚದುರಿದ್ದ ಪೋಡುಗಳನ್ನು ಒಂದೆಡೆ ನೆಲೆಗೊಳಿಸಿದ್ದು, ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತದ್ದು, ಲಂಟಾನ ಕಳೆ ಹಬ್ಬಿ ಗೆಣಸು ಸೊಪ್ಪು ಸಿಗುತ್ತಿದ್ದ ಜಾಗಗಳು ಮುಚ್ಚಿಹೋದದ್ದು, ಇವೆಲ್ಲವೂ ಅವರ ಲೆಕ್ಕದಲ್ಲಿ ಮಕ್ಕಳ ಊಟಕ್ಕೆ ಸಂಬಂಧಿಸಿದ ಸಂಗತಿಗಳೇ. ಆದ್ದರಿಂದ ತೂಕ, ಎತ್ತರಗಳನ್ನು ದಾಖಲಿಸುವ ಹಾಳೆಯಲ್ಲಿಯೇ, ಗೆಣಸು ಅಗೆಯುವುದನ್ನು ಮಕ್ಕಳಿಗೆ ಕಲಿಸುವವರು ಮನೆಯಲ್ಲಿದ್ದಾರೆಯೇ, ಆಶ್ರಮ ಶಾಲೆಯಲ್ಲಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುತ್ತಾರೆಯೇ ಎಂಬ ಪ್ರಶ್ನೆಗಳೂ ಸೇರಿದವು. ಇವಿಲ್ಲದೆ ಕ್ಷೇಮವನ್ನು ಅಳೆಯಲು ಸಾಧ್ಯವೆಂದು ನಾನು ಈಗ ನಂಬುವುದಿಲ್ಲ.

ಪ್ರಶ್ನೆ ಕೇಳುವ ಕೆಲಸವನ್ನು ಪೋಡಿನ ಯುವತಿಯರು ಕೂಲಿ ಪಡೆದು ಮಾಡಿದರು. ಆನೆಗಳ ಓಡಾಟವಿರುವುದರಿಂದ ಕತ್ತಲಾಗುವ ಮೊದಲೇ ಭೇಟಿ ಮುಗಿಸುತ್ತಿದ್ದೆವು. ಜನ ಜೇನು ಕೀಳಲು ಕಾಡಿಗೆ ಹೋಗುವ ಕಾಲದಲ್ಲಿ ಕೆಲಸವನ್ನೇ ನಿಲ್ಲಿಸುತ್ತಿದ್ದೆವು.

ಹೆಚ್ಚು ಚರ್ಚೆಯಾದದ್ದು ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆಯ ಬಗ್ಗೆ. ಈ ಕಾಯಿಲೆ ಸೋಲಿಗರಲ್ಲಿದೆ ಎಂಬುದು ತಿಳಿದ ವಿಷಯವೇ. ಆದರೆ ಮದುವೆ ಒಂದು ಕುಲದಿಂದ ಇನ್ನೊಂದು ಕುಲಕ್ಕೆ ನಡೆಯುವ ಸಮುದಾಯದಲ್ಲಿ, ಯಾರ ರಕ್ತದಲ್ಲಿ ಈ ಕಾಯಿಲೆಯ ಅಂಶವಿದೆ ಎಂಬುದು ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧಗಳೇ ಮುರಿದುಬೀಳಬಹುದೆಂದು ತಾಯಂದಿರು ಆತಂಕಪಟ್ಟರು. ತಂದೆ ತಾಯಿ ಇಬ್ಬರಿಂದಲೂ ಆ ಅಂಶ ಬಂದಾಗ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ, ಒಬ್ಬರಿಂದ ಬಂದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಬೆಳೆಯುತ್ತದೆ ಎಂಬುದನ್ನು ನಾವು ರಾಗಿ ಕಾಳುಗಳನ್ನಿಟ್ಟು ಮತ್ತೆ ಮತ್ತೆ ವಿವರಿಸಿದೆವು. ಕೊನೆಗೆ ಸಭೆಯೇ ದಾರಿ ಹುಡುಕಿತು: ರಕ್ತಪರೀಕ್ಷೆಯ ಫಲಿತಾಂಶವನ್ನು ಕುಟುಂಬದ ಹಾಳೆಯಲ್ಲಿ ಬರೆಯದೆ, ಆಯಾ ವ್ಯಕ್ತಿಗೆ ಮಾತ್ರ ಖಾಸಗಿಯಾಗಿ ತಿಳಿಸುವುದು, ಪೋಡಿನ ಹೆಸರನ್ನೂ ವರದಿಯಲ್ಲಿ ಕಾಣಿಸದಿರುವುದು.

ಉಳಿದ ಹಾಳೆಗಳ ಮೂಲಪ್ರತಿ ಗ್ರಾಮಸಭೆಯ ಬಳಿಯೇ ಇದೆ. ಅದನ್ನು ನೋಡಬಯಸುವ ಸಂಶೋಧಕರು ಸಭೆಗೆ ಬಂದು, ತಮ್ಮ ಉದ್ದೇಶವನ್ನು ಎಲ್ಲರೆದುರು ಹೇಳಿ ಒಪ್ಪಿಗೆ ಪಡೆಯಬೇಕು.